ಏಳು ಕೈ ದಾಟಿದ ಈಕೋ

ವಾಹನದ ಚಾಸಿ ಪ್ರಿಂಟ್ ತೆಗೆಯುವುದು ನೋಡುವವರಿಗೆ ಮಕ್ಕಳಾಟದಂತೆ ಕಾಣುತ್ತದೆ. ಲೋಹದ ಮೇಲೆ ಅಚ್ಚೊತ್ತಿರುವ ಹದಿನೇಳು ಅಕ್ಷರ, ಅಂಕಿಗಳ ಸಾಲನ್ನು ಮೊದಲು ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಅದರ ಮೇಲೆ ತೆಳುವಾದ ಕಾಗದವಿಟ್ಟು, ಎಡಗೈ ಬೆರಳುಗಳಿಂದ ಅಲುಗದಂತೆ ಒತ್ತಿ ಹಿಡಿದು, ಬಲಗೈಯಲ್ಲಿ ಪೆನ್ಸಿಲನ್ನು ಓರೆಯಾಗಿಸಿ ಹಗುರವಾಗಿ ಉಜ್ಜಬೇಕು. ತುಸು ಹೊತ್ತಿನಲ್ಲಿ ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಮೋಟಾರು ವಿಮೆಯ ಸರ್ವೇಯರ್ ಆಗಿ ಮದ್ದೂರಿನ ಸುತ್ತಮುತ್ತ ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತ ಬಂದಿರುವ ಕೆಲಸವಿದು. ಗಾಡಿ ನುಜ್ಜುಗುಜ್ಜಾಗಿರಲಿ, ಸುಟ್ಟು ಕರಕಲಾಗಿರಲಿ, ಕೆರೆಯಿಂದ ಎತ್ತಿ ತಂದದ್ದಿರಲಿ, ಆ ಸಾಲು ಸಿಕ್ಕಿತೆಂದರೆ ಗಾಡಿ ಯಾವುದೆಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಗಾಡಿ ಯಾರದೆಂಬ ಪ್ರಶ್ನೆ ಮಾತ್ರ ಅಲ್ಲಿಂದ ಶುರುವಾಗುತ್ತದೆ.

ಪುಲ್ವಾಮಾ ದಾಳಿಯ ತನಿಖೆಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ಪೊಲೀಸನಲ್ಲ, ಸೈನಿಕನಲ್ಲ, ಕಾಶ್ಮೀರವನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೆ ಆ ತನಿಖೆಯ ಮೊದಲ ಗಟ್ಟಿ ಸುಳಿವು ನನ್ನ ಕಸುಬಿಗೆ ಸೇರಿದ್ದಾಗಿತ್ತು; ಆ ದಾಳಿಯಲ್ಲಿ ಸತ್ತ 40 ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ನಮ್ಮದೇ ಮದ್ದೂರು ತಾಲ್ಲೂಕಿನ ಗುಡಿಗೆರೆಯವರಾಗಿದ್ದರು. ಈ ಎರಡು ಕಾರಣಗಳಿಂದ ಆ ಪ್ರಕರಣದ ಬಗ್ಗೆ ಪ್ರಕಟವಾದದ್ದನ್ನೆಲ್ಲ ನಾನು ಓದುತ್ತ ಬಂದೆ.

2019ರ ಫೆಬ್ರವರಿ 14, ಗುರುವಾರ. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಜಮ್ಮು–ಶ್ರೀನಗರ ಹೆದ್ದಾರಿಯಲ್ಲಿ, ಪುಲ್ವಾಮಾ ಜಿಲ್ಲೆಯ ಲೆಥ್‌ಪೋರದ ಹತ್ತಿರ, ಸ್ಫೋಟಕ ತುಂಬಿದ ಒಂದು ಕಾರು ಸಿಆರ್‌ಪಿಎಫ್ ವಾಹನಗಳ ಸಾಲಿನೊಳಕ್ಕೆ ನುಗ್ಗಿ ಒಂದು ಬಸ್ಸಿನ ಪಕ್ಕದಲ್ಲಿ ಸಿಡಿಯಿತು. ಆ ಸಾಲಿನಲ್ಲಿ 78 ವಾಹನಗಳಿದ್ದವು, ಎರಡೂವರೆ ಸಾವಿರಕ್ಕೂ ಹೆಚ್ಚು ಯೋಧರಿದ್ದರು. ಹಿಮ ಸುರಿದು ಹೆದ್ದಾರಿ ಹಲವು ದಿನ ಮುಚ್ಚಿದ್ದರಿಂದ ಜಮ್ಮುವಿನಲ್ಲಿ ಉಳಿದುಹೋದವರೆಲ್ಲ ಒಟ್ಟಿಗೆ ಸೇರಿ, ಅಂದು ನಸುಕಿನಲ್ಲೇ ಹೊರಟು, ಕತ್ತಲಾಗುವುದರೊಳಗೆ ಶ್ರೀನಗರ ತಲುಪಬೇಕೆಂಬ ಲೆಕ್ಕದಲ್ಲಿದ್ದರು.

ಆ ಸಂಜೆ ನಾನು ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಮುಂಭಾಗ ಜಜ್ಜಿಹೋದ ಟೆಂಪೋ ಒಂದನ್ನು ನೋಡುತ್ತ ಕುಳಿತಿದ್ದೆ. ಮೂಲೆಯ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ದಾಳಿಗೆ ಬಳಸಿದ್ದು ಸ್ಕಾರ್ಪಿಯೊ, ಅದರಲ್ಲಿದ್ದದ್ದು 350 ಕೆಜಿ ಸ್ಫೋಟಕ ಎಂದು ವಾಹಿನಿಯವರು ಘಂಟಾಘೋಷವಾಗಿ ಹೇಳುತ್ತಿದ್ದರು. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, "ಅಷ್ಟು ಮದ್ದು ಸಿಡಿದ್‌ಮ್ಯಾಕೆ ಆ ಕಾರಲ್ಲಿ ಏನುಳೀತದೆ ಸಾ, ಗಾಡಿ ಯಾವ್ದು ಅಂತ ಇವ್ರಿಗೆ ಅದ್ಯಾಗೆ ಗೊತ್ತಾತು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹನ್ನೊಂದು ದಿನಗಳ ನಂತರ ಉತ್ತರ ಬಂದಾಗ ಗಾಡಿ ಸ್ಕಾರ್ಪಿಯೊ ಆಗಿರಲಿಲ್ಲ, ಮಾರುತಿ ಈಕೋ ಆಗಿತ್ತು. ಮುಂದೆ ಸ್ಫೋಟಕದ ತೂಕವೂ ಸುಮಾರು 200 ಕೆಜಿಗೆ ಇಳಿಯಿತು.

ಶನಿವಾರ ಗುಡಿಗೆರೆಯ ಯೋಧರ ಪಾರ್ಥಿವ ಶರೀರ ಊರಿಗೆ ಬಂತು. ಬೆಂಗಳೂರಿನಿಂದ ಬರುವ ದಾರಿಯುದ್ದಕ್ಕೂ ಜನ ನಿಂತಿದ್ದರು. ನಾನೂ ರಸ್ತೆ ಬದಿಯಲ್ಲಿ ನಿಂತಿದ್ದವರಲ್ಲಿ ಒಬ್ಬ. ಶಾಲೆಯ ಮಕ್ಕಳು ಕಾಗದದ ಬಾವುಟ ಹಿಡಿದಿದ್ದರು. ಸುತ್ತ ಘೋಷಣೆ ಮುಗಿಲು ಮುಟ್ಟುವಂತಿತ್ತು. ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು: ಮಾಡಿದವರು ಯಾರೆಂದು ಗೊತ್ತಿದೆಯಲ್ಲ, ಇನ್ನು ತನಿಖೆ ಏತಕ್ಕೆ?

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ದಾಳಿಯಾದ ಸ್ವಲ್ಪ ಹೊತ್ತಿನಲ್ಲೇ ಜೈಷ್‌-ಎ-ಮೊಹಮ್ಮದ್ ಸಂಘಟನೆ ಹೊಣೆ ಹೊತ್ತುಕೊಂಡಿತು. ಪುಲ್ವಾಮಾ ಜಿಲ್ಲೆಯವನೇ ಆದ, ಇಪ್ಪತ್ತರ ಆಸುಪಾಸಿನ ಆದಿಲ್ ಅಹ್ಮದ್ ದಾರ್ ಎಂಬಾತ ಮೊದಲೇ ಚಿತ್ರಿಸಿಟ್ಟಿದ್ದ ವಿಡಿಯೊವನ್ನು ಹೊರಬಿಟ್ಟಿತು. ಆದರೆ ಹೊಣೆ ಹೊರುವುದು ಬೇರೆ, ಸಾಬೀತಾಗುವುದು ಬೇರೆ. ವಿಮೆಯ ಕೆಲಸದಲ್ಲಿ ಇದನ್ನು ನಾವು ದಿನವೂ ಕಾಣುತ್ತೇವೆ. ಗಾಡಿ ಓಡಿಸುತ್ತಿದ್ದವನು ನಾನೇ ಎಂದು ಒಬ್ಬ ಮುಂದೆ ಬಂದ ಮಾತ್ರಕ್ಕೆ ಕಡತ ಮುಚ್ಚುವುದಿಲ್ಲ. ಪರವಾನಗಿ ಇಲ್ಲದ ಮಗನನ್ನು ಉಳಿಸಲು ತಂದೆ ಹಾಗೆ ಹೇಳುತ್ತಿರಬಹುದು. ಭಯೋತ್ಪಾದಕ ಸಂಘಟನೆಗಳಿಗಂತೂ ಹೊಣೆ ಹೊರುವುದೇ ಪ್ರಚಾರ. ವಿಡಿಯೊದಲ್ಲಿ ಕಂಡ ಮುಖ ಮತ್ತು ಕಾರಿನಲ್ಲಿ ಛಿದ್ರವಾದ ದೇಹ ಒಂದೇ ಎಂದು ತೋರಿಸಲು ತನಿಖೆಯವರು ಸ್ಥಳದಲ್ಲಿ ಸಿಕ್ಕ ದೇಹದ ಚೂರುಗಳ ಡಿಎನ್‌ಎಯನ್ನು ಆತನ ತಂದೆಯ ಡಿಎನ್‌ಎಯೊಂದಿಗೆ ಹೋಲಿಸಿದರು, ಅದು ತಾಳೆಯಾಯಿತು. ಇಡೀ ದೇಶಕ್ಕೆ ಗೊತ್ತಿದ್ದ ಸಂಗತಿಯನ್ನು ಒಬ್ಬ ತಂದೆಯ ರಕ್ತದ ಮಾದರಿಯಿಂದ ಮತ್ತೊಮ್ಮೆ ತಿಳಿದುಕೊಳ್ಳಬೇಕಾದ ಈ ಕ್ರಮ ಕೆಲವರಿಗೆ ಅತಿರೇಕವೆನಿಸಬಹುದು, ನನಗೆ ಹಾಗೆನಿಸಲಿಲ್ಲ.

ಪ್ರಕರಣ ಅಧಿಕೃತವಾಗಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಕೈಗೆ ಬಂದದ್ದು ಫೆಬ್ರವರಿ 20ರಂದು. ಅದರ ತಂಡ ಮತ್ತು ವಿಧಿವಿಜ್ಞಾನ ತಜ್ಞರು ಅದಕ್ಕೂ ಮೊದಲೇ ಲೆಥ್‌ಪೋರದಲ್ಲಿದ್ದರು. 2008ರ ಮುಂಬೈ ದಾಳಿಯ ನಂತರ ಕಾನೂನು ಮಾಡಿ ಹುಟ್ಟಿಸಿದ ಈ ಸಂಸ್ಥೆಗೆ ಆ ಜಾಗ ಹೊಸದೇನಲ್ಲ. 2017ರ ಡಿಸೆಂಬರ್ ಕೊನೆಯಲ್ಲಿ ಅದೇ ಲೆಥ್‌ಪೋರದ ಸಿಆರ್‌ಪಿಎಫ್ ತರಬೇತಿ ಕೇಂದ್ರದ ಮೇಲೆ ಜೈಷ್ ದಾಳಿಕೋರರು ನುಗ್ಗಿ ಐವರನ್ನು ಕೊಂದಿದ್ದರು. ಆ ಪ್ರಕರಣವೂ ಇದೇ ಸಂಸ್ಥೆಯ ಬಳಿ ಇತ್ತು. ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ದಾಳಿ ನಡೆದ ದಿನ ಜಮ್ಮು ಮತ್ತು ಕಾಶ್ಮೀರದಲ್ಲಿ ನಮ್ಮ ಭಾರತೀಯ ದಂಡ ಸಂಹಿತೆ ಜಾರಿಯಲ್ಲಿರಲಿಲ್ಲ, ಡೋಗ್ರಾ ಅರಸರ ಕಾಲದ ರಣಬೀರ್ ದಂಡ ಸಂಹಿತೆ ಇತ್ತು. ತನಿಖೆ ನಡುದಾರಿಯಲ್ಲಿದ್ದಾಗ, 2019ರ ಆಗಸ್ಟ್‌ನಲ್ಲಿ 370ನೇ ವಿಧಿಯ ವಿಶೇಷ ಸ್ಥಾನ ಹೋಯಿತು. ಅಕ್ಟೋಬರ್ 31ಕ್ಕೆ ರಾಜ್ಯವೇ ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು, ರಣಬೀರ್ ಸಂಹಿತೆ ಇತಿಹಾಸಕ್ಕೆ ಸೇರಿತು. ಅಪರಾಧ ನಡೆದಾಗ ಇದ್ದ ರಾಜ್ಯ ಆರೋಪಪಟ್ಟಿ ಸಲ್ಲಿಸುವ ಹೊತ್ತಿಗೆ ಇರಲಿಲ್ಲ. ಮುಕ್ಕಾಲು ಶತಮಾನದಿಂದ ವಿವಾದದಲ್ಲಿರುವ ನೆಲದಲ್ಲಿ ತನಿಖೆ ನಡೆಸುವವರ ಕಾಲ ಕೆಳಗಿನ ಮಣ್ಣು ಹೀಗೂ ಅಲುಗುತ್ತದೆ.

ಸ್ಫೋಟದ ಸ್ಥಳದಲ್ಲಿ ಸಾಕ್ಷ್ಯ ಹುಡುಕುವುದು ಅಪಘಾತದ ಸ್ಥಳದಲ್ಲಿ ಹುಡುಕಿದಂತಲ್ಲ. ಅಪಘಾತದಲ್ಲಿ ಗಾಡಿ ಕಣ್ಣೆದುರಿಗಿರುತ್ತದೆ, ಟಯರಿನ ಗುರುತು ಇರುತ್ತದೆ, ಒಡೆದ ಗಾಜು ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಯಾರು ಯಾರಿಗೆ ಗುದ್ದಿದರೆಂದು ಹೇಳಬಹುದು. ಇಲ್ಲಿ ಬಸ್ಸೇ ಲೋಹದ ಮುದ್ದೆಯಾಗಿತ್ತು. ಎರಡು ವಾಹನಗಳ ಲೋಹ ಬೆರೆತುಹೋಗಿ, ಸುತ್ತಲಿನ ಹೊಲಗಳವರೆಗೆ ಚದುರಿ, ನೆಲದ ಮೇಲಿನ ಕೆಸರಿನೊಂದಿಗೆ ಕಲಸಿಹೋದ ಮೇಲೆ, ಯಾವ ಚೂರು ಬಸ್ಸಿನದು, ಯಾವುದು ಕಾರಿನದು ಎಂದು ಬೇರ್ಪಡಿಸುವುದೇ ಮೊದಲ ಕೆಲಸ. ಅಂಥ ಕಡೆ ಕಾರಿನ ಸಣ್ಣಪುಟ್ಟ ಅವಶೇಷಗಳನ್ನು ಆಯ್ದು, ವಾಹನ ತಯಾರಿಕೆ ಬಲ್ಲವರ ನೆರವು ಪಡೆದು, ಅದು ಈಕೋ ಎಂದು ಗುರುತಿಸಿ, ಚಾಸಿ ನಂಬರು ಮತ್ತು ಇಂಜಿನ್ ನಂಬರನ್ನೂ ತಿಳಿದುಕೊಂಡಿದ್ದೇವೆ ಎಂದು ಫೆಬ್ರವರಿ 25ರಂದು ಸಂಸ್ಥೆ ಪ್ರಕಟಿಸಿತು.

ನಾನು ಆ ಸುದ್ದಿಯನ್ನು ಎರಡು ಸಲ ಓದಿದೆ. ಕಾರಿನ ಬಹುತೇಕ ಭಾಗಗಳಿಗೆ ನಂಬರಿರುವುದಿಲ್ಲ. ಬಾಗಿಲು, ಬಾನೆಟ್, ಬಂಪರ್ ಯಾವ ಗಾಡಿಯದೂ ಆಗಬಹುದು. ಮಾದರಿ ಯಾವುದೆಂದಷ್ಟೇ ಅವು ಹೇಳುತ್ತವೆ. ಒಂದೇ ಒಂದು ಗಾಡಿಗೆ ಸೇರಿದ ಗುರುತೆಂದರೆ ಚಾಸಿ ನಂಬರು ಮತ್ತು ಇಂಜಿನ್ ನಂಬರು. ಚಾಸಿ ನಂಬರಿನ ಹದಿನೇಳು ಸ್ಥಾನಗಳಲ್ಲಿ ಮೊದಲ ಮೂರು ತಯಾರಕರನ್ನು ಹೇಳುತ್ತವೆ; ಎಂ, ಎ, 3 ಎಂದು ಆರಂಭವಾದರೆ ಅದು ಮಾರುತಿ. ಕೊನೆಯ ಅಂಕಿಗಳು ಆ ಒಂದೇ ಗಾಡಿಯ ಕ್ರಮಸಂಖ್ಯೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವಂತಿಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗಬಾರದೆಂದು. ಕಳ್ಳರು ಅರ ಹಾಕಿ ಉಜ್ಜಿ ಅಳಿಸಿದರೂ, ಅಚ್ಚೊತ್ತುವಾಗ ಒಳಪದರದ ಲೋಹದ ಮೇಲೆ ಬಿದ್ದ ಒತ್ತಡ ಹಾಗೇ ಉಳಿದಿರುತ್ತದೆ. ಪ್ರಯೋಗಾಲಯದವರು ಆಮ್ಲ ಸವರಿ ಅದನ್ನು ಮತ್ತೆ ಎಬ್ಬಿಸಬಲ್ಲರು. ಲೋಹ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ನಂಬರು ಸಿಕ್ಕ ಮೇಲೆ ಕಥೆ ಕಾಗದಕ್ಕೆ ಬಂತು. ಆ ಈಕೋ 2011ರಲ್ಲಿ ಅನಂತನಾಗ್‌ನ ಒಬ್ಬರಿಗೆ ಮಾರಾಟವಾಗಿತ್ತು. ಅಲ್ಲಿಂದ ಕೈಯಿಂದ ಕೈಗೆ ಏಳು ಸಲ ಬದಲಾಗಿ, ದಾಳಿಗೆ ಸರಿಯಾಗಿ ಹತ್ತು ದಿನ ಮೊದಲು, ಅಂದರೆ ಫೆಬ್ರವರಿ 4ರಂದು, ಬಿಜ್‌ಬೆಹರಾದ ಸಜ್ಜಾದ್ ಭಟ್ ಎಂಬ ಯುವಕನ ಕೈ ಸೇರಿತ್ತು. ಪೊಲೀಸರು ಅವನ ಮನೆಗೆ ಹೋದಾಗ ಅವನಿರಲಿಲ್ಲ. ಅವನು ಜೈಷ್ ಸೇರಿದ್ದನೆಂದು, ಕೈಯಲ್ಲಿ ಬಂದೂಕು ಹಿಡಿದ ಅವನ ಚಿತ್ರ ಸಾಮಾಜಿಕ ಜಾಲತಾಣಗಳಲ್ಲಿ ಬಂದಿತ್ತೆಂದು ಸಂಸ್ಥೆ ಹೇಳಿತು. ಕಾರಿಗೆ ಕೊಟ್ಟದ್ದು 1.85 ಲಕ್ಷ ರೂಪಾಯಿ ಎಂದು ಮುಂದೆ ಆರೋಪಪಟ್ಟಿಯ ವರದಿಗಳಲ್ಲಿ ಓದಿದೆ. ಎಂಟು ವರ್ಷ ಹಳೆಯ ಈಕೋಗೆ ಅದು ನಮ್ಮ ಕಡೆಯೂ ಒಪ್ಪುವ ದರವೇ. ಅನುಮಾನ ಹುಟ್ಟಿಸುವಷ್ಟು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಈಕೋ ಏಕೆ ಎಂಬುದೂ ನನಗೆ ಒಗಟಾಗಿ ಉಳಿಯಲಿಲ್ಲ. ಇಂಜಿನ್ ಮುಂದಿನ ಸೀಟಿನ ಕೆಳಗೆ ಅಡಗಿರುತ್ತದೆ, ಹಿಂದಿನ ಸೀಟು ಕಿತ್ತರೆ ಗಾಡಿಯೊಳಗೆ ಒಂದು ಸಣ್ಣ ಕೋಣೆಯಷ್ಟು ಜಾಗ ಸಿಗುತ್ತದೆ. ಹಾಲು ಸಾಗಿಸುವವರು, ತರಕಾರಿ ವ್ಯಾಪಾರಿಗಳು, ಶಾಲೆಗೆ ಮಕ್ಕಳನ್ನು ಬಿಡುವವರು ಅದನ್ನು ಇಷ್ಟಪಡುವುದು ಅದೇ ಕಾರಣಕ್ಕೆ. ಹಳ್ಳಿ ಪಟ್ಟಣ ಎನ್ನದೆ ಎಲ್ಲ ಕಡೆ ಇರುವ, ಯಾರ ಕಣ್ಣಿಗೂ ಬೀಳದ ಗಾಡಿ ಅದು.

ಏಳು ಕೈ ಎಂಬುದನ್ನು ಓದಿ ಹಲವರು ಇದರಲ್ಲೇನೋ ಪಿತೂರಿ ಇದೆ ಎಂದುಕೊಂಡರು. ಹಳೆ ಗಾಡಿಗಳ ವ್ಯವಹಾರ ಬಲ್ಲವರಿಗೆ ಅದು ಪಿತೂರಿಯಲ್ಲ, ರೂಢಿ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕು. ಆಗುವುದೇ ಬೇರೆ. ಮಾರುವವನು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುತ್ತಾನೆ, ಬ್ರೋಕರ್ ಅದನ್ನು ಆರ್‌ಸಿಯ ಜೊತೆ ಮಡಚಿ ಮುಂದಿನವನಿಗೆ ದಾಟಿಸುತ್ತಾನೆ, ಅವನು ಆರು ತಿಂಗಳು ಓಡಿಸಿ ಇನ್ನೊಬ್ಬನಿಗೆ ಮಾರುತ್ತಾನೆ. ಕಾಗದದಲ್ಲಿ ಗಾಡಿ ಮೊದಲಿನವನ ಹೆಸರಿನಲ್ಲೇ ಉಳಿದಿರುತ್ತದೆ. ಪುಲ್ವಾಮಾಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2018ರ ಫೆಬ್ರವರಿಯಲ್ಲಿ, ಹೀಗೆಯೇ ಹಲವು ಕೈ ದಾಟಿದ ಒಂದು ಗಾಡಿಯ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಪ್ರತಿಯನ್ನು ನಾನು ಬಹಳ ಜನರಿಗೆ ತೋರಿಸಿದ್ದೇನೆ. ಬ್ರೋಕರುಗಳು ನಕ್ಕು ಸುಮ್ಮನಾಗುತ್ತಾರೆ. ಅನಂತನಾಗ್‌ನ ಆ ಸರಪಳಿಯಲ್ಲಿ ಒಬ್ಬೊಬ್ಬರನ್ನೂ ಹುಡುಕಿ, ಯಾರಿಂದ ಕೊಂಡಿರಿ, ಯಾರಿಗೆ ಕೊಟ್ಟಿರಿ ಎಂದು ಕೇಳುತ್ತ ಹೋಗಿ, ಹನ್ನೊಂದೇ ದಿನಗಳಲ್ಲಿ ಕೊನೆಯ ಕೈಯನ್ನು ಮುಟ್ಟಿದ್ದು ಸಾಮಾನ್ಯ ಕೆಲಸವಲ್ಲ. ಇದನ್ನು ಮೆಚ್ಚಿ ನಾಲ್ಕು ಸಾಲು ಬರೆದ ಪತ್ರಿಕೆಗಳು ಕಡಿಮೆ. ಮರುದಿನವೇ, ಫೆಬ್ರವರಿ 26ರಂದು, ಬಾಲಾಕೋಟ್ ವೈಮಾನಿಕ ದಾಳಿ ನಡೆದು ಎಲ್ಲರ ಗಮನ ಆಕಾಶದತ್ತ ಹೋಯಿತು.

ಇಷ್ಟು ಬೇಗ ಬಿಚ್ಚಿಕೊಂಡ ತನಿಖೆ ಅನಂತರ ನಿಂತಂತಾಯಿತು. ಕಾರಣ ಸರಳ, ಸುಳಿವು ಕೊಡಬಲ್ಲವರೆಲ್ಲ ಒಬ್ಬೊಬ್ಬರಾಗಿ ಸತ್ತರು. ಜೈಷ್ ಕಮಾಂಡರ್ ಕಾಮ್ರಾನ್ ಫೆಬ್ರವರಿ 18ರಂದು, ಸಂಚಿನಲ್ಲಿ ಮುಖ್ಯ ಪಾತ್ರ ವಹಿಸಿದ್ದನೆಂದು ಹೇಳಲಾದ ತ್ರಾಲ್‌ನ ಮುದಸ್ಸಿರ್ ಖಾನ್ ಮಾರ್ಚ್ 11ರಂದು, ಉಮರ್ ಫಾರೂಕ್ ಎಂಬಾತ ಮಾರ್ಚ್ 29ರಂದು, ಕಾರು ಕೊಂಡಿದ್ದ ಸಜ್ಜಾದ್ ಜೂನ್ 18ರಂದು, ಹೀಗೆ ಭದ್ರತಾ ಪಡೆಗಳ ಗುಂಡಿಗೆ ಬಿದ್ದರು. ಪ್ರತಿ ಎನ್‌ಕೌಂಟರಿನ ಸುದ್ದಿಗೂ ನಮ್ಮ ಊರಿನಲ್ಲಿ ಸೇಡು ತೀರಿತೆಂಬ ಮಾತು ಕೇಳುತ್ತಿತ್ತು. ಅದನ್ನು ತಪ್ಪೆನ್ನಲಾರೆ, ಬಂದೂಕು ಹಿಡಿದು ಮನೆಯೊಳಗೆ ಅಡಗಿದವನನ್ನು ಜೀವಂತ ಹಿಡಿಯಿರಿ ಎಂದು ಮದ್ದೂರಿನಲ್ಲಿ ಕುಳಿತು ಹೇಳುವುದು ಸುಲಭ. ಕಾಮ್ರಾನ್ ಸತ್ತ ಆ ಕಾರ್ಯಾಚರಣೆಯಲ್ಲೇ ಒಬ್ಬ ಮೇಜರ್ ಸೇರಿದಂತೆ ನಮ್ಮ ಸೈನಿಕರೂ ಪ್ರಾಣ ಕೊಟ್ಟಿದ್ದರು. ಆದರೆ ಸತ್ತವನು ಹೇಳಿಕೆ ಕೊಡುವುದಿಲ್ಲ, ಅವನ ಮೇಲಿನ ಆರೋಪ ನ್ಯಾಯಾಲಯದಲ್ಲಿ ಅವನೊಂದಿಗೇ ಮುಗಿಯುತ್ತದೆ. ಕಾರು ಕೊಂಡವನು ಗೊತ್ತಾದ, ಕಾರಿನಲ್ಲಿ ಕುಳಿತವನು ಗೊತ್ತಾದ. ಇಬ್ಬರ ನಡುವೆ ಇದ್ದವರು ಯಾರು, ಸ್ಫೋಟಕವನ್ನು ಎಲ್ಲಿ ಕಲಸಿದರು, ಯಾವ ಮನೆಯಲ್ಲಿ ಮಲಗಿದರು ಎಂಬುದು ಒಂದು ವರ್ಷ ಕತ್ತಲಲ್ಲೇ ಉಳಿಯಿತು.

ಆ ಕತ್ತಲನ್ನು ಸೀಳಿದ್ದು ಉಮರ್ ಫಾರೂಕ್‌ನ ಮೊಬೈಲ್. ಈತ 1999ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದವರಲ್ಲಿ ಒಬ್ಬನಾದ ಇಬ್ರಾಹಿಂ ಅತ್ಹರ್‌ನ ಮಗ. ಆ ಅಪಹರಣದ ಒತ್ತೆಯಾಳುಗಳಿಗೆ ಪ್ರತಿಯಾಗಿ ಭಾರತ ಬಿಟ್ಟುಕೊಟ್ಟ ಮಸೂದ್ ಅಜರ್ ಮರುವರ್ಷ ಕಟ್ಟಿದ ಸಂಘಟನೆಯೇ ಜೈಷ್. 2018ರ ಏಪ್ರಿಲ್‌ನಲ್ಲಿ ಜಮ್ಮು ಭಾಗದ ಅಂತರರಾಷ್ಟ್ರೀಯ ಗಡಿಯಿಂದ ಉಮರ್ ಒಳನುಸುಳಿದ್ದನೆಂದು ಆರೋಪಪಟ್ಟಿ ಹೇಳುತ್ತದೆ. ಅವನು ಸತ್ತ ಸ್ಥಳದಲ್ಲಿ ಸಿಕ್ಕ, ಹಾಳಾಗಿದ್ದ ಫೋನಿನಿಂದ ತಜ್ಞರು ಮಾಹಿತಿಯನ್ನು ಮರಳಿ ಪಡೆದಾಗ, ಸ್ಫೋಟಕ ಸಿದ್ಧಪಡಿಸುವ ಚಿತ್ರಗಳು, ಗಡಿಯಾಚೆಯ ನಾಯಕರೊಂದಿಗಿನ ಸಂದೇಶಗಳು, ಧ್ವನಿಮುದ್ರಿಕೆಗಳು, ಗುಂಪಿನವರೊಂದಿಗೆ ತೆಗೆದುಕೊಂಡ ಸೆಲ್ಫಿಗಳು ಹೊರಬಂದವು. ಹಿಂದಿನ ತಲೆಮಾರಿನ ಭಯೋತ್ಪಾದಕರು ಕಾಗದವನ್ನು ಸುಟ್ಟುಹಾಕುತ್ತಿದ್ದರಂತೆ. ಈ ತಲೆಮಾರು ಫೋಟೊ ತೆಗೆಯದೆ ಇರಲಾರದು.

2020ರ ಫೆಬ್ರವರಿ 28ರಂದು ಮೊದಲ ಮುಖ್ಯ ಬಂಧನವಾಯಿತು. ಬಂಧಿತ, ಲೆಥ್‌ಪೋರ ಸೇತುವೆಯ ಹತ್ತಿರ ಪೀಠೋಪಕರಣದ ಅಂಗಡಿ ಇಟ್ಟುಕೊಂಡಿದ್ದ 22 ವರ್ಷದ ಯುವಕ. ವಿಚಾರಣೆ ಮುಗಿಯದವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಸಂಸ್ಥೆಯ ಹೇಳಿಕೆಯಂತೆ, ಆತ 2018ರ ಕೊನೆಯಿಂದ ಆದಿಲ್ ಮತ್ತು ಉಮರ್ ಇಬ್ಬರನ್ನೂ ತನ್ನ ಮನೆಯಲ್ಲಿ ಇರಿಸಿಕೊಂಡಿದ್ದ. 2019ರ ಜನವರಿಯಿಂದ ಅಂಗಡಿಯಲ್ಲಿ ಕುಳಿತೇ ಹೆದ್ದಾರಿಯ ಸಿಆರ್‌ಪಿಎಫ್ ವಾಹನಗಳ ಓಡಾಟವನ್ನು ಗಮನಿಸುತ್ತಿದ್ದ. ಫೆಬ್ರವರಿ ಮೊದಲಲ್ಲಿ ಈಕೋವನ್ನು ಮಾರ್ಪಡಿಸಿ ಅದರೊಳಗೆ ಬಾಂಬು ಜೋಡಿಸುವಲ್ಲಿಯೂ ಪಾಲುಗೊಂಡಿದ್ದ. ಕೆಲವೇ ದಿನಗಳಲ್ಲಿ ಇನ್ನಷ್ಟು ಬಂಧನಗಳಾದವು. ಆದಿಲ್‌ನ ವಿಡಿಯೊ ಚಿತ್ರಿಸಿದ್ದು ತಮ್ಮ ಮನೆಯಲ್ಲೇ ಎಂಬ ಆರೋಪ ಹೊತ್ತ ತಂದೆ ಮತ್ತು ಮಗಳು, ರಾಸಾಯನಿಕ, ಬ್ಯಾಟರಿಗಳಂಥ ಸಾಮಾನುಗಳನ್ನು ಆನ್‌ಲೈನ್ ಮಳಿಗೆಯಿಂದ ತರಿಸಿಕೊಟ್ಟನೆನ್ನಲಾದ 19 ವರ್ಷದ ಹುಡುಗ ಅವರಲ್ಲಿದ್ದರು. ಸ್ಫೋಟಕ ಅಮೋನಿಯಂ ನೈಟ್ರೇಟ್, ನೈಟ್ರೊಗ್ಲಿಸರಿನ್ ಮತ್ತು ಆರ್‌ಡಿಎಕ್ಸ್‌ಗಳ ಮಿಶ್ರಣವೆಂದು ವಿಧಿವಿಜ್ಞಾನದ ವರದಿ ಹೇಳಿತು.

ಆರೋಪಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ದಾಳಿಗೆಂದು ಮೊದಲು ಗೊತ್ತುಮಾಡಿದ್ದ ದಿನ ಫೆಬ್ರವರಿ 6. ಹಿಮ ಬಿದ್ದು ಹೆದ್ದಾರಿ ಮುಚ್ಚಿದ್ದರಿಂದ ದಾಳಿಕೋರರು ಕಾಯಬೇಕಾಯಿತು. ಜಮ್ಮುವಿನಲ್ಲಿ ಯೋಧರು ಕಾಯುವಂತೆ ಮಾಡಿದ ಆ ಹಿಮವೇ ಅವರನ್ನೂ ಕಾಯಿಸಿತ್ತು. ರಸ್ತೆ ತೆರೆದಾಗ ಎರಡೂ ಕಡೆಯವರು ಒಂದೇ ಹಾದಿಗೆ ಇಳಿದರು.

2020ರ ಆಗಸ್ಟ್ 25ರಂದು, ದಾಳಿಯಾಗಿ ಹದಿನೆಂಟು ತಿಂಗಳ ನಂತರ, ಜಮ್ಮುವಿನ ವಿಶೇಷ ನ್ಯಾಯಾಲಯಕ್ಕೆ 13,500ಕ್ಕೂ ಹೆಚ್ಚು ಪುಟಗಳ ಆರೋಪಪಟ್ಟಿ ಸಲ್ಲಿಕೆಯಾಯಿತು. ಆರೋಪಿಗಳು 19 ಮಂದಿ. ಅವರಲ್ಲಿ ಬಂಧನದಲ್ಲಿದ್ದವರು ಏಳು ಜನ. ಉಳಿದವರು ಸತ್ತಿದ್ದರು ಅಥವಾ ತಲೆಮರೆಸಿಕೊಂಡಿದ್ದರು. ಪಟ್ಟಿಯ ತುದಿಯಲ್ಲಿದ್ದ ಮಸೂದ್ ಅಜರ್ ಮತ್ತು ಅವನ ಸಹೋದರ ರೌಫ್ ಅಸ್ಗರ್ ಗಡಿಯಾಚೆ ಇದ್ದರು.

ಚಾಸಿ ನಂಬರಿನ ಜಾಡು ಹಿಡಿದು ಬಂದವರು ಇಲ್ಲಿ ನಿಲ್ಲಬೇಕಾಗುತ್ತದೆ. ಭಾರತ 2019ರ ಫೆಬ್ರವರಿ 27ರಂದು ಪಾಕಿಸ್ತಾನಕ್ಕೆ ಮಾಹಿತಿಯ ಕಡತವೊಂದನ್ನು ಕೊಟ್ಟಿತು. ತಿಂಗಳು ಕಳೆದ ಮೇಲೆ ಬಂದ ಉತ್ತರವೆಂದರೆ, ವಶಕ್ಕೆ ಪಡೆದ 54 ಜನರನ್ನು ವಿಚಾರಿಸಿದೆವು, ಪುಲ್ವಾಮಾಕ್ಕೆ ಸಂಬಂಧ ಕಾಣಲಿಲ್ಲ. ನೀವು ಹೇಳಿದ 22 ಜಾಗಗಳನ್ನು ನೋಡಿದೆವು, ಶಿಬಿರಗಳಿಲ್ಲ ಎಂಬುದು. 2016ರ ಪಠಾಣ್‌ಕೋಟ್ ದಾಳಿಯ ನಂತರ ಪಾಕಿಸ್ತಾನದ ತನಿಖಾ ತಂಡ ಭಾರತಕ್ಕೆ ಬಂದು ಹೋದದ್ದುಂಟು. ನಮ್ಮ ತಂಡ ಅಲ್ಲಿಗೆ ಹೋಗುವುದಾಗಲಿಲ್ಲ. ಒಂದು ಕಡೆಯ ಪೊಲೀಸರ ಸಾಕ್ಷ್ಯವನ್ನು ಇನ್ನೊಂದು ಕಡೆಯವರು ಒಪ್ಪಬೇಕಾದರೆ ಮೊದಲು ಗಡಿ ಎಲ್ಲಿದೆ ಎಂಬುದರಲ್ಲಾದರೂ ಒಪ್ಪಿಗೆ ಇರಬೇಕಲ್ಲ.

ತನಿಖೆ ಸರಿಯಾಗಿ ನಡೆದರೆ ಯಾರನ್ನು ಬಿಡಬೇಕೆಂಬುದೂ ಗೊತ್ತಾಗುತ್ತದೆ. 2016ರ ಉರಿ ದಾಳಿಯ ನಂತರ ಗಡಿಯ ಬಳಿ ಸಿಕ್ಕ, ಗಡಿಯಾಚೆಯ ಇಬ್ಬರು ಹದಿಹರೆಯದ ಹುಡುಗರನ್ನು ದಾಳಿಕೋರರಿಗೆ ದಾರಿ ತೋರಿಸಿದವರೆಂದು ಬಂಧಿಸಲಾಗಿತ್ತು. ಟಿವಿಯಲ್ಲಿ ಅವರ ತಪ್ಪು ಅಂದೇ ಸಾಬೀತಾಗಿತ್ತು. ತಿಂಗಳುಗಟ್ಟಲೆ ವಿಚಾರಿಸಿದ ಮೇಲೆ ಇದೇ ರಾಷ್ಟ್ರೀಯ ತನಿಖಾ ಸಂಸ್ಥೆ ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದು ಹೇಳಿತು, 2017ರ ಮಾರ್ಚ್‌ನಲ್ಲಿ ಅವರನ್ನು ವಾಘಾ ಮೂಲಕ ಮನೆಗೆ ಕಳುಹಿಸಲಾಯಿತು. ಸಂಸ್ಥೆಯ ಬಗ್ಗೆ ನನಗೆ ಗೌರವ ಮೂಡಿಸಿದ್ದು ಪುಲ್ವಾಮಾದ 13,500 ಪುಟಗಳಿಗಿಂತ ಈ ಒಂದು ನಿರ್ಧಾರ.

ಇನ್ನು ಯಾರೂ ಆರೋಪಪಟ್ಟಿ ಬರೆಯದ ಪ್ರಶ್ನೆ. ಅಷ್ಟು ಜನ ಒಂದೇ ಸಾಲಿನಲ್ಲಿ, ಅದೂ ನಾಗರಿಕ ವಾಹನಗಳು ಪಕ್ಕದಲ್ಲೇ ಓಡಾಡುವ ರಸ್ತೆಯಲ್ಲಿ ಏಕೆ ಸಾಗಬೇಕಾಯಿತು? ಆಗ ರಾಜ್ಯಪಾಲರಾಗಿದ್ದ ಸತ್ಯಪಾಲ್ ಮಲಿಕ್ ದಾಳಿಯ ಬೆನ್ನಿಗೇ ಲೋಪವಾಗಿದೆ ಎಂದು ಒಪ್ಪಿಕೊಂಡಿದ್ದರು. 2023ರ ಸಂದರ್ಶನವೊಂದರಲ್ಲಿ, ಸಿಆರ್‌ಪಿಎಫ್ ಐದು ವಿಮಾನಗಳನ್ನು ಕೇಳಿತ್ತು, ಗೃಹ ಸಚಿವಾಲಯ ಕೊಡಲಿಲ್ಲ ಎಂದೂ ಆರೋಪಿಸಿದರು. ಆ ಆರೋಪವನ್ನು ರಾಜಕೀಯವೆಂದು ತಳ್ಳಿಹಾಕಿದವರಿದ್ದಾರೆ, ವೇದವಾಕ್ಯವೆಂದು ಹಿಡಿದವರೂ ಇದ್ದಾರೆ. ನನ್ನ ಗಮನವಿರುವುದು ದಾಳಿಯ ನಂತರ ಆದ ಬದಲಾವಣೆಗಳ ಮೇಲೆ. ಒಂದೇ ವಾರದಲ್ಲಿ, ಫೆಬ್ರವರಿ 21ರಂದು, ಅರೆಸೇನಾ ಪಡೆಗಳ ಎಲ್ಲ ದರ್ಜೆಯವರೂ ದೆಹಲಿ–ಶ್ರೀನಗರ, ಜಮ್ಮು–ಶ್ರೀನಗರ ನಡುವೆ ವಿಮಾನದಲ್ಲಿ ಹೋಗಬಹುದೆಂಬ ಆದೇಶ ಬಂತು. ಏಪ್ರಿಲ್ 7ರಿಂದ ವಾರದಲ್ಲಿ ಎರಡು ದಿನ, ಭಾನುವಾರ ಮತ್ತು ಬುಧವಾರ, ಹೆದ್ದಾರಿಯ ಆ ಭಾಗವನ್ನು ಸೇನಾ ಸಾಲುಗಳಿಗೆಂದು ಮೀಸಲಿಟ್ಟು ನಾಗರಿಕರ ಓಡಾಟ ನಿಲ್ಲಿಸಲಾಯಿತು. ಕಾಶ್ಮೀರದ ಜನ ಅದರಿಂದ ಪಟ್ಟ ಪಾಡು ಬೇರೆಯೇ ಕಥೆ. ವಾರದೊಳಗೆ ಮಾಡಲು ಸಾಧ್ಯವಾದದ್ದು ವಾರದ ಹಿಂದೆ ಏಕೆ ಆಗಲಿಲ್ಲ ಎಂಬುದು ದೇಶದ್ರೋಹದ ಪ್ರಶ್ನೆಯಲ್ಲ. ಬ್ರೇಕ್ ಕೆಟ್ಟ ಲಾರಿಯನ್ನು ರಸ್ತೆಗಿಳಿಸಿದ್ದು ಯಾರೆಂದು ನಾನು ಕೇಳಿದರೆ, ಗುದ್ದಿದ ಕುಡುಕನ ಪರ ವಕಾಲತ್ತು ಹಾಕಿದಂತಾಗುವುದಿಲ್ಲ. ಮಾಡಿದವನ ಅಪರಾಧ ಮತ್ತು ಕಾಯಬೇಕಾದವನ ಲೋಪ ಇವು ಎರಡು ಕಡತಗಳು. ಪುಲ್ವಾಮಾದಲ್ಲಿ ಮೊದಲ ಕಡತದ ತೂಕ ನಮಗೆ ಪುಟಗಳ ಲೆಕ್ಕದಲ್ಲಿ ಗೊತ್ತಿದೆ. ಎರಡನೆಯದನ್ನು ಗುಡಿಗೆರೆಯವರಾಗಲಿ ನಾವಾಗಲಿ ಓದಲು ಸಾಧ್ಯವಾಗುವಂತೆ ಯಾರೂ ತೆರೆದಿಡಲಿಲ್ಲ.

ಕಳೆದ ತಿಂಗಳು ಕೆ.ಎಂ.ದೊಡ್ಡಿಯ ಗ್ಯಾರೇಜೊಂದರಲ್ಲಿ ಹಿಂಬದಿ ಜಜ್ಜಿದ ಒಂದು ಬಿಳಿ ಈಕೋ ನೋಡಬೇಕಾಯಿತು. ತರಕಾರಿ ಸಾಗಿಸುವ ಗಾಡಿ. ಹಿಂದಿನ ಸೀಟು ಕಿತ್ತು ಹಲಗೆ ಹಾಸಿದ್ದರು, ಒಳಗೆ ಟೊಮೆಟೊ ವಾಸನೆ. ಆರ್‌ಸಿಯಲ್ಲಿ ರಾಮನಗರದ ಯಾರದೋ ಹೆಸರಿತ್ತು. ಇವರು ಯಾರೆಂದು ಕೇಳಿದೆ. "ಗೊತ್ತಿಲ್ಲ ಸಾ, ನಾನು ತಗಂಡಿದ್ದು ಬ್ರೋಕರ್ ತಾವ. ನಂಗೂ ಮುಂಚೆ ಇಬ್ರು ಓಡ್ಸವ್ರೆ" ಎಂದರು ಗಾಡಿಯವರು. ಮಡಚಿ ಮಡಚಿ ಹರಿಯುವಂತಾಗಿದ್ದ ಫಾರಂ 29ರಲ್ಲಿ ಸಹಿ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಚೀಲದಿಂದ ಪೆನ್ಸಿಲ್ ತೆಗೆದು, ಕಾಗದ ಒತ್ತಿಹಿಡಿದು ಉಜ್ಜತೊಡಗಿದೆ. ಎಂ, ಎ, 3 ಎದ್ದವು, ಉಳಿದವೂ ಎದ್ದವು. ಆರ್‌ಸಿಯಲ್ಲಿದ್ದ ನಂಬರಿಗೆ ಹದಿನೇಳೂ ತಾಳೆಯಾದವು. ಇವರಿಗಿಂತ ಮುಂಚೆ ಓಡಿಸಿದ ಆ ಇಬ್ಬರ ಹೆಸರನ್ನು ನನ್ನ ವರದಿಯಲ್ಲಿ ಬರೆಯಲು ಜಾಗವಿರಲಿಲ್ಲ. ಆದರೂ ಕೇಳಿ, ಕಾಗದದ ಹಿಂಬದಿಯಲ್ಲಿ ಬರೆದುಕೊಂಡೆ.